ಟವೆಲ್ಲಿನ ಕೆಳಗಿನ ಬೆರಳು

ಚಾಮರಾಜನಗರ
೧೨-೩-೨೦೦೭

ಮಗಳು ಮಂಗಳಗೌರಿಗೆ,

ನಿಮ್ಮಪ್ಪ ಉಂಡು, ಮಲಗಿ, ಎದ್ದು ಚೆನ್ನಾಗಿದ್ದಾನೆ. ನಿಮ್ಮವ್ವ ಹೋದ ಮೇಲೆ ಸಾರಿಗೆ ಉಪ್ಪು ಒಂದಿನ ಜಾಸ್ತಿ, ಒಂದಿನ ಇಲ್ಲವೇ ಇಲ್ಲ. ಅದಿರಲಿ.

ಅವ್ವನ ಬಳೆ ಮಾರಿದ ದುಡ್ಡನ್ನು ಷೇರುಪೇಟೆಯಲ್ಲೇ ಕೊಂಡು ಮಾರುವ ಆ ಇಂಡೆಕ್ಸ್ ಫಂಡಿಗೆ ಹಾಕು ಅಂದಿದ್ದೆ. ನಿನ್ನ ಯಜಮಾನರು ದಿಲೀಪ್ ಅವರು, ಅದು ಕಾಂಪ್ಲೆಕ್ಸು, ನಿನ್ನಂಥ ಹಂಗಳದ ಸ್ಕೂಲ್ ಟೀಚರಿಗೆ ಅರ್ಥವಾಗಲ್ಲ, ನಮ್ಮ ಕಂಪನಿಯ ವಿಮೆ ಪ್ಲಾನೇ ಸಿಂಪಲ್ಲು, ಸೈನ್ ಹಾಕು ಅಂತ ಕೂತಿದ್ದಾರೆ ಅಂತ ಬರೆದಿದ್ದೀಯ.

ಕಾಂಪ್ಲೆಕ್ಸಂತೆ. ಆ ಮಾತು ನಾನು ಬಿ.ಕಾಂ.ನಲ್ಲೇ ಓದಿದ್ದು. ಡೆಫಿನಿಷನ್ ಮರೆತುಹೋಗಿದೆ, ಅರಿಶಿನದ ಮಂಡಿಯಲ್ಲಿ ಕೂತವನಿಗೆ ಡೆಫಿನಿಷನ್ ಯಾಕೆ? ಆ ಫಂಡಿನಲ್ಲಿ ಐವತ್ತು ದೊಡ್ಡ ಕಂಪನಿಗಳಿಂದ ಒಂದೊಂದು ಹಿಡಿ ತೆಗೆದು ಒಂದೇ ಚೀಲಕ್ಕೆ ತುಂಬಿದ್ದಾರೆ. ಯಾವುದೆಷ್ಟು ಅಂತ ಬರೆದು ಅಂಟಿಸಿದ್ದಾರೆ. ಬೆಲೆ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಾರೆ. ಬೀಳುತ್ತೆ, ಹೌದು. ಅರಿಶಿನ ಬೀಳಲ್ವಾ? ಬೀಳೋದು ಬೇರೆ, ತಿಳಿಯದೇ ಇರೋದು ಬೇರೆ.

ಇನ್ನು ನಿನ್ನ ಯಜಮಾನರ ಸಿಂಪಲ್ಲು. ಸಂಕ್ರಾಂತಿಗೆ ಬಂದಾಗ ಕೇಳಿದೆ. ಮೊದಲ ವರ್ಷ ಕಟ್ಟಿದ್ದರಲ್ಲಿ ಖರ್ಚಿಗೆ ಎಷ್ಟು ಹಿಡೀತೀರಿ, ಮಧ್ಯದಲ್ಲಿ ಬಿಟ್ಟರೆ ವಾಪಸ್ಸೆಷ್ಟು, ನಿಮ್ಮ ಕಮಿಷನ್ ಎಷ್ಟು? ಆ ಟೈ ಬಿಚ್ಚದೆ ಕಬ್ಬು ಜಗಿಯುತ್ತಾ, "ಅದೆಲ್ಲ ನಿಮಗ್ಯಾಕೆ ಮಾವ, ನನ್ ಮೇಲೆ ನಂಬಿಕೆ ಇಲ್ವಾ?" ಅಂದರು.

ದನದ ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡ್ತಾನಲ್ಲ, ಅಲ್ಲಾದರೂ ಕೊಳ್ಳುವವನ ಕೈ ಟವೆಲ್ಲಿನ ಒಳಗೇ ಇರುತ್ತೆ. ಇವರ ಟವೆಲ್ಲಿನಡಿ ಇವರ ಎರಡೂ ಕೈ, ಕೊಳ್ಳುವವಳದು ಒಂದೂ ಇಲ್ಲ. ಹೆನ್ಸ್ ಪ್ರೂವ್ಡ್. ಕಾಂಪ್ಲೆಕ್ಸ್ ಯಾವುದು, ನೀನೇ ಹೇಳು ಕಣಮ್ಮಿ.

ಅವ್ವ ಆ ಬಳೆಗಳನ್ನ ನನ್ನ ಕೈಗೂ ಕೊಟ್ಟಿರಲಿಲ್ಲ, ನಿನಗೆ ಕೊಟ್ಟಳು. ನೆನಪಿರಲಿ.

ಯುವರ್ ಲವಿಂಗ್ ಫಾದರ್,
ಶಿವಮಲ್ಲಪ್ಪ

ವಿ.ಸೂ.: ದಿಲೀಪ್ ಅವರೇ, ಗುಂಡ್ಲುಪೇಟೆ ಮನೆಗೆ ಬರುವ ಅವಳ ಕಾಗದ ಮೊದಲು ನೀವೇ ಒಡೀತೀರಿ ಅಂತ ಗೊತ್ತು. ಹೋದ ವಾರ ಟ್ರೈನಿಂಗ್ ಅಂತ ಇಲ್ಲಿಗೆ ಬಂದಿದ್ದಳಲ್ಲ, ಟ್ರೈನಿಂಗ್ ಇರಲಿಲ್ಲ. ಅವಳೇ ಸೈನ್ ಹಾಕಿ, ಅವಳ ಹೆಸರಿಗೇ ಫಂಡು ಕೊಂಡಾಯಿತು. ನಿಮಗೆ ಹೇಗೆ ತಿಳಿಸೋದು ಅಂತ ಹೆದರಿದ್ದಳು. ನಾನು ಬರೀತೀನಿ ಬುಡು ಅಂದೆ. ಕಾಗದ ಮತ್ತೆ ಅಂಟಿಸುವ ಶ್ರಮ ಬೇಡ. ಅವಳಿಗೆ ಇದರಲ್ಲಿ ಹೊಸದೇನೂ ಇಲ್ಲ.