ಸೆಟ್ ಮಹಾಪ್ರಭುಗಳ ಜಲಸಮಾಧಿ

ಮೇ 11, ಭಾನುವಾರ, ಬೆಳಿಗ್ಗೆ 11
ಶ್ರೀಮದ್ ಡ್ಯಾಶ್‌ಬೋರ್ಡ್ ಸಿಂಹಾಸನಾಧೀಶ್ವರ, ಚತುರ್ದ್ವಾರ ಸ್ಪೀಕರ್ ಪರಿವಾರಸಮೇತ, ಕಾರ್ ಸ್ಟೀರಿಯೋ ಮಹಾಪ್ರಭುಗಳ ದಿವ್ಯಸನ್ನಿಧಿಗೆ — ಕೊಲೆಗಾತಿಯ ಅನಂತ ನಮಸ್ಕಾರಗಳು.

ಎಂದಿನಂತೆ ಭಾನುವಾರದ ಕಾರ್ ತೊಳೆಯುವ ಕೆಲಸ. ಅಕ್ಕ ಒಳಗೆ ಕೂತು ಗಾಜು ಒರೆಸುತ್ತಿದ್ದಳು. ಪೈಪ್ ನನ್ನ ಕೈಯಲ್ಲಿ. ಇಂಥ ಅವಕಾಶ ಬಿಟ್ಟರೆ ಇತಿಹಾಸ ಕ್ಷಮಿಸದು. ಕಿಟಕಿಯಿಂದ ಗುರಿಯಿಟ್ಟೆ. ಅಕ್ಕ ಬಗ್ಗಿದಳು. ಸೆಟ್ ಬಗ್ಗಲಿಲ್ಲ.

ಅದರ ಮೇಲೆ ಇನ್ನೊಂದು ಘನಕಾರ್ಯ. ಕೆಟ್ಟಿದೆಯೋ ಇಲ್ಲವೋ ನೋಡೋಣ ಎಂದು ಅಲ್ಲೇ ಆನ್ ಮಾಡಿದೆ. ಟಪ್! ಸುಟ್ಟ ವಾಸನೆ.

ಅಪ್ಪ ಬಂದ. ಬೈಯಲಿಲ್ಲ. ಸೀಟಿನ ಕೆಳಗಿಂದ ಆಂಪ್ಲಿಫೈಯರ್ ಎಳೆದು ಓರೆ ಮಾಡಿದ. ಲೋಟದಷ್ಟು ನೀರು ಸುರಿಯಿತು. ಆರು ವರ್ಷ ಅಪ್ಪ ಒಂದೊಂದೇ ಆರಿಸಿ ಜೋಡಿಸಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ 3
ನಾಲ್ಕೂ ಸ್ಪೀಕರುಗಳನ್ನು ಬಟ್ಟೆ ಹಗ್ಗಕ್ಕೆ ತೂಗುಹಾಕಿದೆ, ನನ್ನ ಸಾಕ್ಸ್ ಪಕ್ಕದಲ್ಲಿ. ಅಮ್ಮ ನೋಡಿ, "ಮಾಡೋದೆಲ್ಲ ಮಾಡ್ಬಿಟ್ಟು ಈಗ ಸೇವೆ ಬೇರೆ!"

ಮೇ 12, ಸಂಜೆ
ರಿಪೇರಿಯವನ ಟೇಬಲ್ ಮೇಲೆ ಮಹಾಪ್ರಭುಗಳು ಬಟಾಬಯಲಾಗಿ ಮಲಗಿದ್ದಾರೆ. ಬೋರ್ಡ್ ಮೇಲೆ ಆಗಲೇ ಬಿಳಿ ಬೂಷ್ಟು. ಎರಡು ಸ್ಪೀಕರುಗಳ ಕಾಗದ ಒದ್ದೆ ಲಕೋಟೆಯ ಹಾಗೆ ಸುಕ್ಕು.

"ನೀರು ಬಿದ್ರೆ ಒಣಗುತ್ತೆ ಸಾರ್. ಒದ್ದೆ ಇದ್ದಾಗ ಕರೆಂಟ್ ಕೊಟ್ಟ ಮಹಾನುಭಾವ ಯಾರು?"

"ಗೊತ್ತಿಲ್ಲ" ಎಂದ ಅಪ್ಪ. ನನ್ನ ಕಡೆ ನೋಡಲಿಲ್ಲ.

ಅಪ್ಪನ ಬಾಯಲ್ಲಿ ಸುಳ್ಳು ಕೇಳಿದ್ದು ಇದೇ ಮೊದಲು. ಸ್ಪಿರಿಟ್‌ನಲ್ಲಿ ಉಜ್ಜಿ, ಒಣಗಿಸಿ, ಕಾಗದ ಬದಲಿಸಿ — ಒಂದು ವಾರ ಬೇಕಂತೆ.

ಮೇ 13
ಅಪ್ಪನದು ಕಟ್ಟುಹಲ್ಲು ಮಾಡುವ ಲ್ಯಾಬ್. ದಿನವಿಡೀ ಊರವರ ಬಾಯಿ ತುಂಬಿಸುತ್ತಾನೆ, ತನ್ನ ಬಾಯಿ ಬಿಡುವುದಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಕಾಲೇಜಿಗೆ ಬಿಡುವ ಇಪ್ಪತ್ತೈದು ನಿಮಿಷ ಸೆಟ್ಟೇ ಹಾಡುತ್ತಿತ್ತು. ಇವತ್ತು ಅದರ ಜಾಗದಲ್ಲಿ ಚೌಕದ ತೂತು. ವೈರುಗಳು ನಾಲಿಗೆ ಚಾಚಿಕೊಂಡಿವೆ. ಸಿಗ್ನಲ್ ಎಣಿಸಿದೆ. ಏಳು.

ಮೇ 15
ಮೂರನೇ ಸಿಗ್ನಲ್. ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ಯಾರನ್ನೋ ಕಂಡು ನಕ್ಕರು. ಅಪ್ಪ ಮೆಲ್ಲಗೆ, "ಆ ಮೇಲಿನ ಸಾಲು ನಂದು."

"ಪರಿಚಯಾನಾ?"

"ಇಲ್ಲ. ಲ್ಯಾಬಿಗೆ ಬಾಯಿ ಅಚ್ಚು ಮಾತ್ರ ಬರುತ್ತಲ್ಲ, ಮುಖ ಬರಲ್ಲ. ಹಲ್ಲು ನೋಡಿ ಗುರುತು ಹಿಡೀತೀನಿ."

ಇಷ್ಟು ವರ್ಷ ಇವನು ರಸ್ತೆ ನೋಡುತ್ತಿದ್ದಾನೆ ಎಂದುಕೊಂಡಿದ್ದೆ!

ಮೇ 16
ಆಟ ಶುರುವಾಗಿದೆ. ಯಾರು ನಕ್ಕರೂ ನಾನು "ನಿಂದಾ?" ಎನ್ನಬೇಕು. ಇವತ್ತು ಒಂದೂ ಸಿಗಲಿಲ್ಲ. ಬದಲಿಗೆ ಒಬ್ಬ ಅಜ್ಜಿಯ ಕಥೆ ಸಿಕ್ಕಿತು. ಹೊಸ ಹಲ್ಲು ನೆಟ್ಟಗಿದೆ ಎಂದು ವಾಪಸ್ ಕಳಿಸಿದ್ದರಂತೆ. ಮುಂಚೆ ಒಂದು ಸೊಟ್ಟ ಇತ್ತು, ಅದಿಲ್ಲದೆ ಕನ್ನಡಿಯಲ್ಲಿ ಬೇರೆ ಯಾರೋ ಕಾಣ್ತಾರೆ ಅಂತ. ಅಪ್ಪ ಮೂರು ಸಲ ಕೂತು ಸೊಟ್ಟ ಮಾಡಿದನಂತೆ. "ನೆಟ್ಟಗೆ ಕೂರಿಸೋದು ಸುಲಭ ಕಣೇ. ಅವರವರ ಸೊಟ್ಟ ಕೂರಿಸೋದೇ ಕಷ್ಟ."

ಕಾಲೇಜಿನ ಗೇಟ್ ಬಂದಿತ್ತು. ಇಳಿಯಲಿಲ್ಲ. ಹಿಂದಿನ ಆಟೋದವ ಹಾರ್ನ್ ಹೊಡೆದ ಮೇಲೆ ಇಳಿದೆ.

ಮೇ 19
ಕೇಳಿಯೇ ಬಿಟ್ಟೆ. "ಸೆಟ್ ಇಲ್ದೆ ಬೇಜಾರಾ ಅಪ್ಪಾ?"

ಅಪ್ಪ ಗೇರ್ ಬದಲಿಸಿದ. "ಲ್ಯಾಬಲ್ಲಿ ಕಟ್ಟುಹಲ್ಲು ಉಜ್ಜೋ ಮಿಷಿನ್ ಇದೆಯಲ್ಲ, ಅದರ ಗುಂಯ್ ಅನ್ನೋದು ಮನೆಗೆ ಬಂದ್ರೂ ಕಿವಿ ಬಿಡಲ್ಲ. ಅದನ್ನ ಮುಚ್ಚಿಹಾಕೋಕೇ ಅಷ್ಟು ಜೋರಾಗಿ ಹಾಕ್ತಿದ್ದೆ."

ನಾನು ಮುಳುಗಿಸಿದ್ದು ಬರೀ ಸೆಟ್ ಅಲ್ಲ.

"ಆದ್ರೆ ನೀನು ವಟವಟ ಅಂತಿರ್ತೀಯಲ್ಲ ಕಪಿ, ಆಗ್ಲೂ ಕೇಳಿಸಲ್ಲ ಅದು."

ಮೇ 21, ಸಂಜೆ 6
ಮಹಾಪ್ರಭುಗಳ ಪುನರಾಗಮನ. ರಿಪೇರಿಯವನ ಟೇಬಲ್ ಮೇಲೆ ಕೋಗಿಲೆಯ ಹಾಗೆ ಹಾಡಿದ್ದರು. ಅಪ್ಪನೇ ಕಾರಿಗೆ ಜೋಡಿಸಿದ. ನಾನು ಸಹಾಯಕಿ.

"ಹೊಸ ಫ್ಯೂಸ್ ಹಾಕಿದ್ಯಾ?"

"ಹಾಕಿದೆ."

ಒತ್ತಿದ. ಸದ್ದೇ ಇಲ್ಲ. ಮತ್ತೆ ಒತ್ತಿದ. ಅಕ್ಕ ಬಾಗಿಲಿಂದ, "ನೀರು ಕುಡಿದವರಿಗೆ ಅಮಲು ಇಳಿದಿಲ್ಲ!"

ಅಪ್ಪ ಫ್ಯೂಸ್ ಡಬ್ಬದ ಮುಚ್ಚಳ ತೆಗೆದು ಇಣುಕಿದ. ಮುಚ್ಚಿದ. "ಇರ್ಲಿ, ಆಮೇಲೆ ನೋಡೋಣ."

ಮೇ 30
ಆ 'ಆಮೇಲೆ' ಇನ್ನೂ ಬಂದಿಲ್ಲ. ಇವತ್ತು ಒಂದೇ ದಿನ ಎರಡು ನಗು ಸಿಕ್ಕವು. ಒಂದು ಬಸ್ ಕಂಡಕ್ಟರನದು, ಕೆಳಗಿನ ಸಾಲು. ಅಪ್ಪ ಸ್ಟೀರಿಂಗ್ ತಟ್ಟಿ ಕುಣಿದ.

ಅಮ್ಮ ಊಟದ ಹೊತ್ತಿಗೆ, "ರಿಪೇರಿಯವನಿಗೆ ಇನ್ನೊಂದ್ಸಲ ತೋರಿಸ್ಬಾರ್ದಾ?" ಎಂದಳು. ಅಪ್ಪ, ನಾನು ಇಬ್ಬರೂ ತಟ್ಟೆ ನೋಡಿದೆವು.

ಮಹಾಪ್ರಭುಗಳೇ, ತಮ್ಮಲ್ಲಿ ಯಾವ ದೋಷವೂ ಇಲ್ಲ. ಫ್ಯೂಸ್ ನನ್ನ ಪೆನ್ಸಿಲ್ ಬಾಕ್ಸಿನಲ್ಲಿದೆ. ಹಾಕಿರಲೇ ಇಲ್ಲ. ನಾಳೆ ಖಂಡಿತ... ನಾಳೆ ಬೇಡ, ಅಪ್ಪ ಯಾವುದೋ ಚಿನ್ನದ ಹಲ್ಲಿನ ಕಥೆ ಅರ್ಧಕ್ಕೆ ನಿಲ್ಲಿಸಿದ್ದಾನೆ, ಅದು ಮುಗಿದ ಮೇಲೆ —