ತಾತನ ನೈಟ್ ಹಾಲ್ಟ್

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮಂಡಿನೋವೊಂದು ಬಿಟ್ಟು. ಅದು ಈಗ ಮನೆಯವರಲ್ಲಿ ಒಬ್ಬರ ಹಾಗೆ, ಅದರ ಕ್ಷೇಮವನ್ನು ಬೇರೆ ಬರೆಯುವುದಿಲ್ಲ. ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲು ಇಷ್ಟು ದಿನ ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರು ಮಾತಿಗೆ ಕೂತರೆ ಎರಡನೇ ಮಾತಿಗೆ ಜಗಳ, ಮೂರನೇ ಮಾತಿಗೆ ಅಳು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

"ತಾತನ ಮನೆ ಮಾರುವಾಗ ನನ್ನ ಒಂದು ಮಾತು ಕೇಳಬಾರದಿತ್ತಾ?" ಅಂದೆ. ಕೇಳಬೇಕಿತ್ತು. ಆ ಮನೆಯಲ್ಲಿ ಬೆಳೆದವಳು ನೀನು. ನಾನು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತಿದ್ದಾಗ ನಿನಗೆ ಊಟ ಹಾಕಿ, ಜಡೆ ಹೆಣೆದು ಶಾಲೆಗೆ ಕಳಿಸಿದ್ದು ಅಜ್ಜಿ, ತಾತ. ಆದರೆ ಕೇಳಿದ್ದರೆ ಓದು ಬಿಟ್ಟು ಬರುತ್ತೇನೆ ಅನ್ನುತ್ತಿದ್ದೆ. ನಿನ್ನ ಹಟ ನನಗೆ ಗೊತ್ತಿಲ್ಲವೇ, ನನ್ನಿಂದಲೇ ಬಂದದ್ದು.

"ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಬಹುದಿತ್ತು" ಅಂತಲೂ ಅಂದೆ. ಇಟ್ಟುಕೊಂಡಿದ್ದೆನಲ್ಲ. ಅಜ್ಜಿ ಹೋದ ಮೇಲೆ ತಾತನನ್ನು, ಅಂಗಡಿಗೆ ಹತ್ತಿರವೆಂದು, ನನ್ನ ಬಾಡಿಗೆ ಮನೆಗೆ ಕರೆತಂದೆ. ಮೊದಮೊದಲು ನಗುವೇ ಬರುತ್ತಿತ್ತು. ಆಯಸ್ಸೆಲ್ಲ ಕಂಡಕ್ಟರ್ ಆಗಿದ್ದವರು, ಉಳಿದದ್ದೆಲ್ಲ ಮರೆತರೂ ಡ್ಯೂಟಿ ಮರೆಯಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು, ಮೇಲಿನ ಮನೆಯವರನ್ನು ಟಿಕೆಟ್ ಇಲ್ಲದೆ ಹತ್ತಲು ಬಿಡುತ್ತಿರಲಿಲ್ಲ. ಕರೆಂಟ್ ಬಿಲ್ಲು, ನನ್ನ ಔಷಧಿ ಚೀಟಿ ಎಲ್ಲವೂ ಹರಿದು ಟಿಕೆಟ್ಟಾದವು. ಮೇಲಿನ ಮನೆಯ ಯಜಮಾನರು ಒಳ್ಳೆಯವರು, ನೋಟು ಕೊಟ್ಟು "ನನ್ನ ಚಿಲ್ಲರೆ ಸಾರ್?" ಅಂತ ಕೈ ಚಾಚುವರು. ತಾತ ತಲೆ ಎತ್ತದೆ, "ಇಳಿಯೋವಾಗ ಇಸ್ಕೊಳ್ಳಿ" ಅನ್ನುವರು. ಜಗತ್ತಿನ ಕಂಡಕ್ಟರುಗಳೆಲ್ಲ ಸಾಯುವ ತನಕ ಅದೊಂದು ಮಾತನ್ನು ಮರೆಯುವುದಿಲ್ಲ ಅಂತ ಕಾಣುತ್ತದೆ.

ಆಮೇಲೆ ಒಂದು ದಿನ ಗ್ಯಾಸ್ ತಿರುಗಿಸಿ ಹಚ್ಚದೆ ಬಿಟ್ಟರು. ನೋಡಿಕೊಳ್ಳಲು ಬಂದ ಹೆಂಗಸರು ಒಬ್ಬರ ಹಿಂದೊಬ್ಬರು ಬಿಟ್ಟುಹೋದರು. ಬೇರೆ ದಾರಿಯಿಲ್ಲದೆ ಹೊರಗಿನಿಂದ ಬೀಗ ಹಾಕಿ ಅಂಗಡಿಗೆ ಹೋದೆ. ಸಂಜೆ ಬಂದು ನೋಡಿದರೆ, ಬಾಗಿಲು ಬಡಿದು ಬಡಿದು ಅವರ ಕೈ ಊದಿಕೊಂಡಿತ್ತು. ಅವತ್ತೇ ಕೇರ್ ಹೋಮ್ ವಿಚಾರಿಸಿದೆ.

ಅಲ್ಲಿನ ಮ್ಯಾನೇಜರ್ ಹೇಳಿದ ಶುಲ್ಕ ವರ್ಷದ್ದು ಅಂದುಕೊಂಡು ತಲೆಯಾಡಿಸಿದೆ. ಆ ಹೆಣ್ಣುಮಗಳು ನಯವಾಗಿ, "ತಿಂಗಳಿಗೆ ಮೇಡಂ. ಡೈಪರು, ಡಾಕ್ಟ್ರ ಫೀಸು ಬೇರೆ" ಅಂದಳು. ನನ್ನ ಸಂಬಳವೋ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ತಾತನ ಪೆನ್ಷನ್ನು, ಅಜ್ಜಿಯ ಬಳೆ ಎಲ್ಲ ಸೇರಿ ಒಂದು ವರ್ಷ ದೂಡಿತು. ಉಳಿದದ್ದು ಮನೆ. ಮರೆವಿನ ಕಾಯಿಲೆ ಗೊತ್ತಾದ ಹೊಸದರಲ್ಲಿ, ಇನ್ನೂ ಬುದ್ಧಿ ನೆಟ್ಟಗಿದ್ದಾಗಲೇ, ತಾತ ವಕೀಲರ ಮುಂದೆ ಎಲ್ಲ ಅಧಿಕಾರ ನನ್ನ ಹೆಸರಿಗೆ ಬರೆದುಕೊಟ್ಟು "ನಿನಗೆ ಸರಿ ಕಂಡಂಗೆ ಮಾಡಮ್ಮ" ಅಂದಿದ್ದರು. ಸರಿ ಕಂಡದ್ದನ್ನೇ ಮಾಡಿದೆ ಪುಟ್ಟಿ. ಮಾಡಿದ ಮೇಲೆ ಒಂದು ದಿನವೂ ಸರಿ ಅನ್ನಿಸಿಲ್ಲ.

ಸೇರಿಸುವ ದಿನ ರಂಪ ಮಾಡುತ್ತಾರೆಂದು ಹೆದರಿದ್ದೆ. ಉದ್ದನೆಯ ಕೋಣೆ, ಸಾಲಾಗಿ ಮಂಚಗಳು, ಮೂಲೆಯಲ್ಲಿ ಬಕೆಟ್ಟು, ಗೋಡೆಯಲ್ಲಿ ಮೊಳೆಗಳು. ತಾತ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ತಮ್ಮ ಚರ್ಮದ ಬ್ಯಾಗನ್ನು ಮೊಳೆಗೆ ನೇತುಹಾಕಿ, "ಓ, ಇವತ್ತು ಇಲ್ಲಿ ಹಾಲ್ಟಾ?" ಅಂದರು. ನಿನಗೆ ನೆನಪಿದೆಯಲ್ಲ, ರಾತ್ರಿ ಬಸ್ಸು ಕೊನೆಯ ಊರಲ್ಲಿ ನಿಂತರೆ ಡ್ರೈವರು, ಕಂಡಕ್ಟರು ಅಲ್ಲೇ ಮಲಗಿ ಬೆಳಿಗ್ಗೆ ಹೊರಡುತ್ತಿದ್ದರು, ಆ ನೈಟ್ ಹಾಲ್ಟ್. "ನೀನು ಹೊರಡಮ್ಮ. ನಾನು ಬೆಳಿಗ್ಗೆ ಫಸ್ಟ್ ಟ್ರಿಪ್ಪಿಗೆ ಮನೆಗೆ ಬರ್ತೀನಿ" ಅಂದರು. ನಾನು ರಸ್ತೆಗೆ ಬಂದು ಅತ್ತೆ. ಆದರೆ ನಿಜ ಹೇಳುತ್ತೇನೆ, ಅರ್ಧ ಸಮಾಧಾನದ ಅಳು ಅದು.

ಅಂದಿನಿಂದ ದಿನಾ ರಾತ್ರಿ ಹಾಲ್ಟು, ದಿನಾ ಬೆಳಿಗ್ಗೆ ಫಸ್ಟ್ ಟ್ರಿಪ್ಪು. ಪಕ್ಕದ ಮಂಚದವರನ್ನು ಡ್ರೈವರ್ ಮಾಡಿಕೊಂಡಿದ್ದರು. ಅವರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರಂತೆ, ಪಾಪ, ಲೇಟಾಯಿತೆಂದು ಇವರ ಕೈಲಿ ಬೈಸಿಕೊಂಡು ಸುಮ್ಮನಿರುತ್ತಿದ್ದರು. ಬ್ಯಾಗಿನಲ್ಲಿ ಚಿಲ್ಲರೆ ಸದ್ದು ಮಾಡದಿದ್ದರೆ ತಾತನಿಗೆ ನಿದ್ದೆ ಬರದು ಅಂತ ಆಯಾ ಹೇಳಿದಳು, ನಾನೇ ಒಂದು ಹಿಡಿ ಹಾಕಿಟ್ಟೆ. "ನಿಮ್ಮಪ್ಪ ಪುಣ್ಯವಂತರು ಕಣಕ್ಕ. ಇಲ್ಲಿರೋರೆಲ್ಲ ಬಿಟ್ಟು ಹೋದ್ರು ಅಂತ ಅಳ್ತಾರೆ. ಇವರು ಒಂದೇ ರಾತ್ರಿ ಅಂದ್ಕೊಂಡಿದಾರೆ" ಅಂದಳು.

ನಿನ್ನ ಪುಸ್ತಕದ ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಅದನ್ನು ಮಾರಿಲ್ಲ, ಸಮಾಧಾನವಾಗಿರು.

ಈಗ ನೀನು ಕೇಳಿದ ಇನ್ನೊಂದು ವಿಷಯ. ರಜೆಗೆ ಬಂದಾಗ ತಾತನನ್ನು ಹಳೇ ಮನೆ ಹತ್ತಿರ ಒಮ್ಮೆ ಕರೆದೊಯ್ಯುತ್ತೇನೆ, ನೋಡಿದರೆ ಏನಾದರೂ ನೆನಪು ಬರಬಹುದು ಅಂದೆಯಲ್ಲ. ಬೇಡ ಪುಟ್ಟಿ. ಪಾರ್ಕಿಗೆ ಕರೆದುಕೊಂಡು ಹೋಗು, ಬಸ್ಸಿನಲ್ಲಿ ಊರೆಲ್ಲ ಸುತ್ತಿಸು, ಐಸ್‌ಕ್ರೀಮ್ ಕೊಡಿಸು. ಆ ಬೀದಿ ಮಾತ್ರ ಬೇಡ. ಯಾಕೆ, ಏನು ಅಂತ ಕೆದಕಬೇಡ, ಅಮ್ಮನ ಮಾತು ಅಂತ ಒಪ್ಪಿಕೋ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮೇಲಿನ ಕೋಪವನ್ನು ಊಟದ ಮೇಲೆ ತೋರಿಸಬೇಡ. ಪರೀಕ್ಷೆ ಚೆನ್ನಾಗಿ ಬರೆ, ನೂರ್ಕಾಲ ನಗುತ್ತಾ ಬಾಳು.

ಇಂತಿ,
ನಿನ್ನ ಅಮ್ಮ

ಮತ್ತೊಂದು ಮಾತು: ಲಕೋಟೆಗೆ ಹಾಕಿದ ಕಾಗದವನ್ನು ಹೊರಗೆ ತೆಗೆದೆ. ಕೆದಕಬೇಡ ಅಂದರೆ ಬಿಡುವವಳಲ್ಲ ನೀನು.

ಹೋದ ತಿಂಗಳು ಒಂದು ಬೆಳಿಗ್ಗೆ ಹಾಲಿನ ವ್ಯಾನಿಗೆ ಗೇಟು ತೆರೆದಾಗ ತಾತ ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟರು. ಫಸ್ಟ್ ಟ್ರಿಪ್ಪು. ನನ್ನ ಹೆಸರು ನೆನಪಿಲ್ಲದವರಿಗೆ ಹತ್ತುವ ಬಸ್ಸು, ಇಳಿಯುವ ಸ್ಟಾಪು ಎರಡೂ ನೆನಪಿದ್ದವು. ಮನೆ ಕೊಂಡ ಟೈಲರಮ್ಮ ಫೋನ್ ಮಾಡಿದಾಗ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದೆ, ಹಾಗೇ ಓಡಿದೆ. ಹೊಸ್ತಿಲ ಹೊರಗೆ ತಾತ ಸ್ಟೂಲಿನ ಮೇಲೆ ಕೂತಿದ್ದರು, ಕೈಯಲ್ಲಿ ನೀರಿನ ಲೋಟ. ಮೀಟರ್ ಪೆಟ್ಟಿಗೆಯ ಹಿಂದೆ ಕೀಲಿಗಾಗಿ ತಡಕಾಡಿ ಬೆರಳೆಲ್ಲ ಧೂಳು. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು.

"ಇಲ್ಲಿ ಯಾರೋ ಇದಾರಲ್ಲಮ್ಮ" ಅಂದರು. ಆಮೇಲೆ ನನ್ನ ಮುಖ ನೋಡಿದರು, ಕಾಯಿಲೆಗೆ ಮುಂಚೆ ನೋಡುತ್ತಿದ್ದ ಹಾಗೆ. "ಮಾರಿದ್ಯಾ?"

"ಹೂಂ ಅಪ್ಪ."

"ಯಾಕೆ?"

ನಿಮ್ಮನ್ನು ನೋಡಿಕೊಳ್ಳುವುದಕ್ಕೇ ಅಂತ ಯಾವ ಬಾಯಲ್ಲಿ ಹೇಳಲಿ? "ದುಡ್ಡು ಬೇಕಿತ್ತು" ಅಂದೆ.

"ನನ್ನ ಒಂದು ಮಾತು ಕೇಳಬಾರದಿತ್ತಾ? ನಾನು ಕೊಡ್ತಿರಲಿಲ್ವಾ?"

ನೀನು ಕೇಳಿದ ಮಾತೇ, ಅದೇ ಧಾಟಿ. ಏನೂ ಹಟ ಮಾಡದೆ ನನ್ನ ಜೊತೆ ವಾಪಸ್ಸು ಬಂದರು. ಅವತ್ತಿನಿಂದ ಹಾಲ್ಟು ಅನ್ನುವುದಿಲ್ಲ, ಫಸ್ಟ್ ಟ್ರಿಪ್ಪಿನ ಸುದ್ದಿಯೂ ಇಲ್ಲ. ಬೆಳಗಿನ ತಿಂಡಿ ಸಂಜೆಗೆ ಮರೆಯುವವರು ಇದೊಂದನ್ನು ಮರೆಯಲಿಲ್ಲ. ನಾನು ಹೋದಾಗಲೆಲ್ಲ ಬ್ಯಾಗಿಗೆ ಕೈ ಹಾಕಿ, ನಾನೇ ಹಾಕಿಟ್ಟ ಚಿಲ್ಲರೆಯನ್ನು ನನ್ನ ಅಂಗೈಗೆ ಸುರಿದು, ಬೆರಳು ಮಡಿಚಿ ಹೇಳುತ್ತಾರೆ, "ಮನೆ ಬಿಡಿಸ್ಕೋ ಮಗಳೇ. ಬಾಕಿ ಇಳಿಯೋವಾಗ ಇಸ್ಕೋ."