ಹತ್ತನೇ ತಾರೀಖು ಮಾತ್ರ ಫೋನು ಮುಟ್ಟಬೇಡಿ

ಮಾನ್ಯ ಮುಖ್ಯ ಕಾರ್ಯನಿರ್ವಾಹಕರೇ,

ತಮ್ಮ ಮೇಲೆ ದೂರು ಹೇಳುವ ಮೊದಲು ನನ್ನದೊಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಮಾರ್ಚ್ ತಿಂಗಳಲ್ಲಿ, ಹುಮನಾಬಾದಿನ ನಮ್ಮ ಕಾಲೇಜಿನ ಹದಿನಾಲ್ಕನೇ ಕೊಠಡಿಯಲ್ಲಿ, ಬಿ.ಕಾಂ. ಪರೀಕ್ಷೆಯ ಮೇಲ್ವಿಚಾರಕನಾಗಿ ನಿಂತು, ನಲವತ್ತು ವಿದ್ಯಾರ್ಥಿಗಳ ಮೊಬೈಲುಗಳನ್ನು ಕಸಿದು ಮೇಜಿನ ಮೇಲೆ ಸಾಲಾಗಿ ಮಲಗಿಸಿ, ನನ್ನದನ್ನು ಮಾತ್ರ ಹಾಜರಿ ಪುಸ್ತಕದ ನಡುವೆ ಎಚ್ಚರವಾಗಿಟ್ಟುಕೊಂಡು, ತಾವು ಜಾಲತಾಣದಲ್ಲಿ ಹಾಕಿದ್ದನ್ನು ನೋಡಿದೆ. ಒಟ್ಟು ಏಳು ನಿಮಿಷ. ಆ ಏಳು ನಿಮಿಷದಲ್ಲಿ ಕೊನೆಯ ಬೆಂಚು ಇಡೀ ಆಸ್ತಿ-ಹೊಣೆ ಪಟ್ಟಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿತು. ಕೊಠಡಿಯಲ್ಲಿ ಎರಡೂ ಕಡೆ ತಾಳೆ ಬಂದದ್ದು ಆ ಬೆಂಚಿಗೆ ಮಾತ್ರ.

ಅಷ್ಟಕ್ಕೂ ತಾವು ಹಾಕಿದ್ದೇನು? ಹೊಸ ಮಿಕ್ಸರಿನ ಫೋಟೋ, ಅದರ ಕೆಳಗೆ ಮೂರು ಬೆಂಕಿ ಚಿತ್ರ. ತಮ್ಮ ಬಳಗದಲ್ಲಿ ಅದಕ್ಕೆ ‘ಭಾರೀ ಇದೆ’ ಎಂಬ ಅರ್ಥವಂತೆ. ಇರಲಿ. ಆದರೆ ಮಿಕ್ಸರ್ ಮಾಡುವವರೇ ಮಿಕ್ಸರಿನ ಕೆಳಗೆ ಬೆಂಕಿ ಇಟ್ಟರೆ ಊರವರು ಏನೆಂದು ತಿಳಿಯಬೇಕು? ಪರೀಕ್ಷೆಯ ಕೊನೆಯ ಗಂಟೆ ಹೊಡೆಯುವಷ್ಟರಲ್ಲಿ ತಮ್ಮ ಷೇರು ನೂರಕ್ಕೆ ನಾಲ್ಕರಷ್ಟು ಕೆಳಗಿತ್ತು. ಜಾರ್ ಮಾಡುವ ಕಂಪನಿ, ಜಾರಿತು. ನನ್ನ ದೂರು ಇಷ್ಟೇ: ತಾವು ಫೋನು ಕೈಗೆತ್ತಿಕೊಂಡಾಗಲೆಲ್ಲ ಬಸವಕಲ್ಯಾಣದ ನಮ್ಮ ಓಣಿಯ ಹತ್ತು ಹೆಣ್ಣುಮಕ್ಕಳ ಭಿಸಿ ಜ್ವರ ಬಂದವರಂತೆ ನಡುಗುತ್ತದೆ.

ಭಿಸಿ ಎಂದರೆ ತಮ್ಮ ಕಡೆಯ ಚೀಟಿ. ಹತ್ತು ಮಂದಿ ಪ್ರತಿ ತಿಂಗಳೂ ಇಷ್ಟಿಷ್ಟು ಹಾಕುವುದು, ಹತ್ತನೇ ತಾರೀಖು ಡಬ್ಬಿಯಿಂದ ಒಂದು ಹೆಸರೆತ್ತುವುದು. ಹೆಸರು ಬಂದವರಿಗೆ ಗಂಟು, ಉಳಿದವರಿಗೆ ಚಹಾ-ಚೂಡಾ. ನಮ್ಮ ಓಣಿಯ ಭಿಸಿ ನಡೆಸುವವಳು ನನ್ನ ಹೆಂಡತಿ ಸುಮೇಧಾ. ಹದಿನಾರು ವರ್ಷ ತಕರಾರಿಲ್ಲದೆ ನಡೆದಿದ್ದ ಈ ಸಂಸ್ಥೆಗೆ, ಕಾಲೇಜಿನಲ್ಲಿ ವಾಣಿಜ್ಯ ಬೋಧಿಸುವ ಗಂಡಸೊಬ್ಬ ಪುಕ್ಕಟೆ ಸಲಹೆ ಕೊಟ್ಟ: ‘ನಿಮ್ಮ ಹಣ ಬರೀ ಕೈ ಬದಲಿಸುತ್ತದೆ, ಬೆಳೆಯುವುದಿಲ್ಲ. ಹತ್ತು ತಿಂಗಳು ಕೂಡಿಸಿ ಷೇರು ಕೊಳ್ಳಿ. ಮುಂದಿನ ಹತ್ತು ತಿಂಗಳು ಯಾರ ಹೆಸರು ಬರುತ್ತದೋ ಅವರ ಪಾಲನ್ನು ಅಂದಿನ ದರಕ್ಕೆ ಮಾರಿ ಕೊಡಿ.’ ಷೇರು ಖಾತೆಗೂ ಅವನೇ ತನ್ನ ಹೆಸರು ಕೊಟ್ಟ. ಆ ಮಹಾನುಭಾವ ನಾನೇ ಎಂದು ತಾವು ಇಷ್ಟರಲ್ಲಿ ಊಹಿಸಿರಬಹುದು.

ಯಾವ ಕಂಪನಿಯ ಷೇರು ಎಂಬ ಚರ್ಚೆಗೆ ನಾನು ಮೂರು ವರ್ಷದ ಲಾಭ-ನಷ್ಟದ ಕಾಗದಗಳನ್ನು ಹಿಡಿದು ಕೂತಿದ್ದೆ. ಓಣಿಯ ತುದಿಯಲ್ಲಿ ಬಟ್ಟೆ ಹೊಲಿಯುವ ಜೈನಬಿ ಆಪಾ ಅವನ್ನು ಮುಟ್ಟಲೂ ಇಲ್ಲ.

“ಸರ್, ಇವೆಲ್ಲಾ ಒಳಗ ಇಡ್ರಿ. ಸುಮೇಧಾಬಾಯಿ, ನಿಮ್ಮನ್ಯಾಗ ಮಿಕ್ಸರ್ ಯಾವ್ದ ಅದ?”

“ಅದೇ ಆಪಾ, ಲಗ್ನದಾಗ ಆಯೇರಿ ಬಂದಿದ್ದ.”

“ನಂದೂ ಅದೇ. ದ್ರೌಪತಿ ಅಕ್ಕ, ನಿಮ್ದ?”

ಜೋಳದ ರೊಟ್ಟಿ ಬಡಿದು ಮಾರುವ ದ್ರೌಪತಿ ಅಕ್ಕ ನಕ್ಕರು. “ನಂದು ಗ್ವಾಡಿ ಮಾಡದಾಗಿಂದ ಎರಡ ಸಲ ಬಿದ್ದದ ನೋಡವಾ. ಎರಡೂ ಸಲ ನೆಲದ ಫರಸೀನೇ ಒಡದದ. ಇವತ್ತಿಗೂ ಶೇಂಗಾ ಹಿಂಡಿ ಕುಟ್ಟಿದಂಗ ಮಾಡ್ತದ.”

“ಮುಗೀತಲ್ಲ! ಇದ್ರ ಷೇರೇ ತಗೋರಿ ಸರ್. ನಿಮ್ಮ ಕಾಗದ ಚೂಡಾ ಹಾಕ್ಲಾಕ ಬರ್ತಾವ.”

ಮಾನ್ಯರೇ, ಮುಂಬಯಿಯ ಯಾವ ಪಂಡಿತನೂ ತಮ್ಮ ಕಂಪನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಕೊಟ್ಟಿರಲಾರ. ಮೊದಲ ಹತ್ತು ತಿಂಗಳು ಎಲ್ಲವೂ ಚೆಂದವಿತ್ತು. ನಮ್ಮ ಕಡೆ ಶೇರ್ ಎಂದರೆ ಹುಲಿಯೂ ಹೌದು, ಉರ್ದು ಕವಿಗೋಷ್ಠಿ ಮುಶಾಯರಾದಲ್ಲಿ ವಾಹ್ವಾ ಗಿಟ್ಟಿಸುವ ಎರಡು ಸಾಲೂ ಹೌದು. ತಮ್ಮ ಷೇರು ಹುಲಿಯಂತೆ ಏರಿತು, ನಾವು ವಾಹ್ವಾ ಎಂದೆವು. ಆಮೇಲೆ ಯಾರೋ ಪುಣ್ಯಾತ್ಮರು ತಮಗೆ ಜಾಲತಾಣದಲ್ಲೊಂದು ಖಾತೆ ತೆರೆದು ಕೊಟ್ಟರು.

ಅಂದಿನಿಂದ ನಮ್ಮ ಹೆಣ್ಣುಮಕ್ಕಳು ಮಾರುಕಟ್ಟೆಯನ್ನು ಓದುವುದು ಬಿಟ್ಟು ತಮ್ಮನ್ನು ಓದತೊಡಗಿದರು. ಜನವರಿಯಲ್ಲಿ ತಾವು ನಾಯಿಯ ಕೊರಳಿಗೆ ಕೈ ಹಾಕಿ ಸಮುದ್ರದ ಬದಿ ನಿಂತ ಫೋಟೋ ಹಾಕಿದಿರಿ. ಅಂದು ಹೆಸರು ಬಂದ ದ್ರೌಪತಿ ಅಕ್ಕನಿಗೆ ನಿರೀಕ್ಷೆಗಿಂತ ಮೂರು ಸಾವಿರ ಹೆಚ್ಚು ಸಿಕ್ಕಿತು. ಆ ನಾಯಿಯ ಆಯುಷ್ಯಕ್ಕಾಗಿ ನಮ್ಮ ಓಣಿಯಲ್ಲಿ ಹರಸದವರಿಲ್ಲ. ಏಪ್ರಿಲಿನಲ್ಲಿ ವಿಮಾನ ತಡವಾಯಿತೆಂದು ಅದರ ಚಾಲಕನ ಜೊತೆ ಇಡೀ ಬೆಳಿಗ್ಗೆ ಜಗಳ ಬರೆದಿರಿ. ಅಂದು ಹೆಸರು ಬಂದವರು ಸುಮೇಧಾಳ ಕಡೆ ತಿರುಗಿ, “ಬಾಯಿ, ನಂದು ವಾಪಸ ಡಬ್ಬಿಯಾಗ ಹಾಕ್ರಿ, ಸಾಹೇಬ್ರ ತಲಿ ತಣ್ಣಗಾದ ಮ್ಯಾಲ ತೆಗೀರಿ” ಎಂದು ಕೈಮುಗಿದರು. ವಿಮಾನ ತಡವಾದದ್ದು ತಮಗೆ, ಕೆಳಗಿಳಿದದ್ದು ನಾವು.

ದ್ರೌಪತಿ ಅಕ್ಕನಂತೂ ತಮ್ಮನ್ನು ಮನೆಯ ಹುಡುಗನೆಂದೇ ತಿಳಿದಿದ್ದರು. ಆ ಜಗಳದ ಕೆಳಗೆ ಸ್ವಂತ ಫೋನಿನಿಂದ, “ತಮ್ಮಾ, ಉಪವಾಸ ಇದ್ದಂಗ ಕಾಣ್ತದ. ಮೊದಲ ಎರಡು ತುತ್ತು ಉಣ್ಣು, ಆಮ್ಯಾಲ ಬೈಯಿ” ಎಂದು ಬರೆದರು. ತಾವು ಅವರನ್ನು ಬ್ಲಾಕ್ ಮಾಡಿದಿರಿ. ಸ್ವಾಮಿ, ಲೆಕ್ಕಪ್ರಕಾರ ಷೇರು ಉಳ್ಳವರು ಕಂಪನಿಯ ಮಾಲೀಕರು, ತಾವು ಸಂಬಳದವರು. ಉಣ್ಣು ಎಂದ ಮಾಲೀಕರನ್ನು ಬಾಗಿಲಾಚೆ ತಳ್ಳಿದ ನೌಕರನ ಹೆಸರು ಹೇಳಿ ಎಂದು ನಾನು ಪರೀಕ್ಷೆಯಲ್ಲಿ ಕೇಳಿದರೆ, ಕೊನೆಯ ಬೆಂಚೂ ನಕಲು ಹೊಡೆಯದೆ ಉತ್ತರ ಬರೆಯುತ್ತದೆ.

ಇಷ್ಟು ಹೊತ್ತು ನಗುತ್ತಲೇ ಬರೆದೆ. ಈಗ ಜೈನಬಿ ಆಪಾ ಅವರ ಸಂಗತಿಗೆ ಬರುತ್ತೇನೆ.

ಹುಮನಾಬಾದಿನ ಒಂದು ಶಾಲೆ ಈ ಬೇಸಿಗೆಯಲ್ಲಿ ಆಪಾ ಅವರಿಗೆ ಅರವತ್ತು ಜೊತೆ ಸಮವಸ್ತ್ರ ಹೊಲಿಯುವ ಕೆಲಸ ಕೊಟ್ಟಿತ್ತು. ಜೂನಿನಲ್ಲಿ ಶಾಲೆ ತೆರೆಯುವ ಮೊದಲು ಎಲ್ಲವೂ ಕೈಸೇರಬೇಕು. ಸರಿಯಾಗಿ ಮಾಡಿಕೊಟ್ಟರೆ ಪ್ರತಿ ವರ್ಷವೂ ಅವರಿಗೇ. ಇಪ್ಪತ್ತೆರಡು ವರ್ಷದಿಂದ ಅವರು ತುಳಿಯುತ್ತಿರುವುದು ಕಾಲಿನ ಮಷಿನ್ನು. ಅದರಲ್ಲಿ ಅರವತ್ತು ಜೊತೆ ಆಗದ ಮಾತು. ಹುಮನಾಬಾದಿನ ಶಂಕರಲಿಂಗ ಅವರ ಅಂಗಡಿಯಲ್ಲಿ ಮೋಟಾರಿನದೊಂದು ಇತ್ತು. ಪ್ರದರ್ಶನಕ್ಕಿಟ್ಟದ್ದೆಂದು ಬೆಲೆ ಇಳಿಸಿ ಇಪ್ಪತ್ತೆಂಟು ಸಾವಿರ ಮಾಡಿದ್ದರು. ಹನ್ನೊಂದರ ಸಂಜೆಯವರೆಗೆ ಹಿಡಿದಿಡುತ್ತೇನೆ ಎಂದಿದ್ದರು. ಮೇ ಹತ್ತರಂದು ನಮ್ಮ ಮನೆಯ ಪಡಸಾಲೆಯಲ್ಲಿ ಡಬ್ಬಿ ಅಲ್ಲಾಡಿಸಿ ಹೆಸರೆತ್ತಿದರೆ, ಬಂದದ್ದು ಆಪಾ ಅವರದೇ. ಅವರ ಪಾಲಿನ ಬೆಲೆ ಆಗ ಇಪ್ಪತ್ತೆಂಟು ಸಾವಿರದ ನಾನೂರು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಿನಲ್ಲೇ ನಕ್ಕರು.

ಅಂದು ಬೆಳಿಗ್ಗೆ ಹತ್ತು ನಲವತ್ತಕ್ಕೆ ತಾವು ಬರೆದಿದ್ದಿರಿ: ‘ಇಂದು ದೊಡ್ಡ ಸುದ್ದಿ ಇದೆ. ಗಟ್ಟಿ ಹಿಡಿದು ಕೂತಿರಿ.’ ದರ ಕೊಂಚ ಏರಿತು ಕೂಡ. ಒಂದು ಇಪ್ಪತ್ತಕ್ಕೆ ಎಲ್ಲಿಯದೋ ಊರಿನ ಗೃಹಿಣಿಯೊಬ್ಬರು ಅದರ ಕೆಳಗೆ, ‘ದೊಡ್ಡ ಸುದ್ದಿ ಆಮೇಲೆ ಕೊಡಿ, ಮೂರು ತಿಂಗಳಿಂದ ಕೇಳುತ್ತಿರುವ ಸಣ್ಣ ಜಾರಿನ ಮುಚ್ಚಳ ಮೊದಲು ಕೊಡಿ’ ಎಂದರು. ತಾವು ಉತ್ತರಿಸಿದಿರಿ: ‘ಮುಚ್ಚಳ ಕಾಪಾಡಿಕೊಳ್ಳಲು ಬಾರದವರು ಕಲ್ಲಿನಲ್ಲಿ ಅರೆದುಕೊಳ್ಳಲಿ.’ ಆ ಒಂದು ಸಾಲಿಗೆ ದೇಶದ ಎಲ್ಲ ಅಡುಗೆಮನೆಗಳೂ ಒಟ್ಟಿಗೆ ಕುದ್ದವು. ಮಿಕ್ಸರನ್ನು ರಸ್ತೆಗಿಟ್ಟು ಫೋಟೋ ತೆಗೆದವರೆಷ್ಟೋ. ಮುಚ್ಚಳ ಯಾವ ಜಾರಿಗೆ ಬೇಕಿತ್ತೋ ಗೊತ್ತಿಲ್ಲ, ಯಾವ ಬಾಯಿಗೆ ಬೇಕಿತ್ತೆಂದು ಮಾತ್ರ ಎಲ್ಲರಿಗೂ ತಿಳಿಯಿತು. ಜೈನಬಿ ಆಪಾ ಅವರ ಪಾಲು ಮಾರಾಟವಾದದ್ದು ಇಪ್ಪತ್ತನಾಲ್ಕು ಸಾವಿರದ ಏಳುನೂರಕ್ಕೆ. ಸಂಜೆ ತಮ್ಮ ದೊಡ್ಡ ಸುದ್ದಿಯೂ ಬಂತು: ತಮ್ಮ ನಾಯಿಗೆ ಅದರದೇ ಆದ ಖಾತೆ ತೆರೆದಿದ್ದೀರಂತೆ.

ಮರುದಿನ ಆಪಾ ಬಸ್ಸು ಹತ್ತಿ ಹುಮನಾಬಾದಿಗೆ ಹೋದರು. ಜೊತೆಗೆ ನಾನೂ ಇದ್ದೆ; ಕಡಿಮೆ ಬಿದ್ದ ಮೂರು ಸಾವಿರದ ಮುನ್ನೂರು ನಾನು ಹಾಕುತ್ತೇನೆಂದರೆ, ಭಿಸಿಯವರ ಹತ್ತಿರ ಕೈಸಾಲ ಬೇಡವೆಂದು ಆಪಾ ಹಟ ಹಿಡಿದಿದ್ದರು.

“ಆಪಾ, ನಾ ಏನ ಮಾಡ್ಲಿ ಹೇಳ್ರಿ,” ಎಂದರು ಶಂಕರಲಿಂಗ. “ಮೊದಲೇ ಬೆಲೆ ಇಳ್ಸೀನಿ. ನೋಡ್ರಿ, ಹುಲಸೂರದವರು ಪೂರಾ ರೊಕ್ಕ ಹಿಡಕೊಂಡ ನಿಂತಾರ.”

“ಉಳಿದದ್ದು ಜೂನ್‌ನಾಗ ಕೊಡ್ತೀನ್ರಿ. ಶಾಲಿಯವರ ಕಾಗದ ಅದ ನನ್ನ ಬಲ್ಲಿ.”

“ಕಾಗದಕ್ಕ ಮಷಿನ್ ಕೊಟ್ರ ನನಗ ಕಾಗದಾನೇ ಉಳೀತದ, ಆಪಾ.”

ಮಷಿನ್ನು ಹುಲಸೂರದ ಟಂಟಂ ಆಟೋ ಏರಿತು. ಆಪಾ ಶಾಲೆಗೆ ನಡೆದು ಹೋಗಿ, ಅರ್ಧ ಬಟ್ಟೆ ಹಿಂತಿರುಗಿಸುತ್ತೇನೆ ಎಂದು ಹೇಳಿ ಬಂದರು. ಉಳಿದ ಮೂವತ್ತು ಜೊತೆಯನ್ನು ಈಗಲೂ ಕಾಲಿನಲ್ಲೇ ತುಳಿಯುತ್ತಿದ್ದಾರೆ. ಮುಂದಿನ ವರ್ಷದ ಕೆಲಸ ಯಾರಿಗೆ ಎಂದು ಶಾಲೆಯವರು ಬಾಯಿ ಬಿಟ್ಟಿಲ್ಲ. ಶಾಲೆ ತೆರೆಯಲು ಇನ್ನು ಒಂಬತ್ತು ದಿನ.

ಈ ಎಲ್ಲವನ್ನೂ ನಾನು ತಮ್ಮ ಕಂಪನಿಯ ಹೂಡಿಕೆದಾರರ ದೂರು ವಿಭಾಗಕ್ಕೆ ಮೊದಲೇ ಬರೆದಿದ್ದೆ. ನಾಲ್ಕೇ ಪದದ ಉತ್ತರ ಬಂತು: ‘ಮುಖ್ಯಸ್ಥರ ಅಭಿಪ್ರಾಯಗಳು ಸಂಪೂರ್ಣ ವೈಯಕ್ತಿಕ.’ ಎಷ್ಟು ಅನುಕೂಲದ ಮಾತು! ಅಭಿಪ್ರಾಯ ವೈಯಕ್ತಿಕ, ಪರಿಣಾಮ ಸಾರ್ವಜನಿಕ. ನನ್ನ ಸಿಟ್ಟು ವೈಯಕ್ತಿಕವೆಂದು ನಾನು ತರಗತಿಯಲ್ಲಿ ಕಪ್ಪುಹಲಗೆ ಒಡೆದರೆ ಪ್ರಾಂಶುಪಾಲರು ಬಿಡುತ್ತಾರೆಯೇ? ಬಸ್ ಚಾಲಕ ‘ಈ ತಿರುವು ನನ್ನ ವೈಯಕ್ತಿಕ ಅಭಿಪ್ರಾಯ’ ಎಂದು ಗದ್ದೆಗಿಳಿಸಿದರೆ ಪ್ರಯಾಣಿಕರು ಚಪ್ಪಾಳೆ ತಟ್ಟಬೇಕೇ? ದೊಡ್ಡ ಷೇರುದಾರರಿಗೆ ತಮ್ಮ ಮಾತು ಒಂದು ಮೋಡದ ನೆರಳು. ಅವರು ಕಾಯುತ್ತಾರೆ, ಮೋಡ ಹೋಗುತ್ತದೆ, ದರ ಮತ್ತೆ ಏರುತ್ತದೆ. ಏರಿದೆ ಕೂಡ, ನಾನು ನೋಡಿದ್ದೇನೆ. ಆದರೆ ಸಣ್ಣವರಿಗೆ ಬೇಕಾದದ್ದು ಒಂದು ನಿರ್ದಿಷ್ಟ ದಿನ. ಶಾಲೆ ಕಾಯುವುದಿಲ್ಲ, ಶಂಕರಲಿಂಗ ಕಾಯುವುದಿಲ್ಲ. ಆ ದಿನವೇ ತಾವು ಮುಚ್ಚಳದ ಮೇಲೆ ಯುದ್ಧ ಸಾರಿದರೆ ಅವರು ಯಾವ ಮುಂದಿನ ವಾರಕ್ಕೆ ಕಾಯಬೇಕು? ಮಾತಿಗೆ ಬೆಲೆಯುಂಟು ಎಂದು ಕೇಳುತ್ತ ಬೆಳೆದ ಊರು ನಮ್ಮದು. ಅದು ಪ್ರತಿ ಐದು ನಿಮಿಷಕ್ಕೊಮ್ಮೆ ಬದಲಾಗುವ ಬೆಲೆ ಎಂದು ಮಾತ್ರ ತಮ್ಮಿಂದ ಕಲಿಯಬೇಕಾಯಿತು.

ಆದ್ದರಿಂದ ನನ್ನ ಬೇಡಿಕೆ. ತಾವು ವರ್ಷವಿಡೀ ಮೌನವ್ರತ ಹಿಡಿಯಿರಿ ಎನ್ನುವಷ್ಟು ಕಟುಕ ನಾನಲ್ಲ. ಪ್ರತಿ ತಿಂಗಳ ಹತ್ತನೇ ತಾರೀಖು, ಅಂದು ಮಾರುಕಟ್ಟೆಗೆ ರಜೆಯಾದರೆ ಮರುದಿನ, ಬೆಳಿಗ್ಗೆ ಒಂಬತ್ತೂಕಾಲಿನಿಂದ ಮಧ್ಯಾಹ್ನ ಮೂರೂವರೆಯವರೆಗೆ ತಮ್ಮ ಫೋನನ್ನು ಒಂದು ದೊಡ್ಡ ಜಾರಿನಲ್ಲಿಟ್ಟು ಮುಚ್ಚಳ ಹಾಕಬೇಕು. ಕೈ ತಡೆಯದಿದ್ದರೆ ನಾಯಿಯ ಫೋಟೋಗೆ ಅನುಮತಿಯುಂಟು. ದ್ರೌಪತಿ ಅಕ್ಕನ ಮೇಲಿನ ತಡೆಯನ್ನು ಕೂಡಲೇ ತೆಗೆಯಬೇಕು. ಮತ್ತು ಆ ಗೃಹಿಣಿಗೆ ಮುಚ್ಚಳ ಕಳಿಸಬೇಕು.

ಇದನ್ನೆಲ್ಲ ಕೇಳುವ ಯೋಗ್ಯತೆ ನನಗಿದೆ. ನಾನು ಇಪ್ಪತ್ತಾರು ವರ್ಷ ವಾಣಿಜ್ಯ ಕಲಿಸಿದವನು. ತಮ್ಮ ಬರಹ ನೋಡಿ ಅತ್ತವರುಂಟು, ಕುಣಿದವರುಂಟು. ನನ್ನ ಬೆರಳು ಮಾತ್ರ ತಮ್ಮ ಮಾತಿಗೆ ಒಂದು ಸಲವೂ ಅಲುಗಿಲ್ಲ.

ಇಲ್ಲಿಗೆ ಮುಗಿಸಿ ಪತ್ರವನ್ನು ಸುಮೇಧಾಳಿಗೆ ಓದಲು ಕೊಟ್ಟೆ. ಅವಳು ಓದಿ, “ಛಲೋ ಬರ್ದೀರಿ. ಒಂದ ಮಾತು ಬಿಟ್ಟೀರಿ ನೋಡ್ರಿ,” ಎಂದಳು. “ಹೆಸರು ಬಂದ ದಿನ ಹನ್ನೊಂದು ಗಂಟೆಗೇ ಮಾರೂದು ಅಂತ ನಮ್ಮ ನಿಯಮ ಅದಲ್ರಿ? ಅವತ್ತ ನೆಟ್ ಬರ್ಲಿಲ್ಲ, ಅದಕ್ಕ ತಡಾ ಆಯ್ತು ಅಂತ ಬರೀರಿ. ಇಲ್ಲಾಂದ್ರ ಅಂವ ಅದನ್ನೇ ಹಿಡ್ಕೊಂಡು ನಿಮ್ಮನ್ನೇ ಆಡಿಸ್ತಾನ.” ಹೇಳಿ ಚಹಾ ಇಡಲು ಒಳಗೆ ಹೋದಳು.

ಮಾನ್ಯರೇ, ಅವಳು ಚಹಾ ತರುವಷ್ಟರಲ್ಲಿ ಬರೆದುಬಿಡುತ್ತೇನೆ. ಹನ್ನೊಂದಕ್ಕೆ ನನ್ನ ಬೆರಳು ಮಾರಾಟದ ಗುಂಡಿಯ ಮೇಲೆಯೇ ಇತ್ತು. ದೊಡ್ಡ ಸುದ್ದಿ ಇದೆ ಎಂದಿದ್ದಿರಿ. ಗಟ್ಟಿ ಹಿಡಿದು ಕೂತಿರಿ ಎಂದಿದ್ದಿರಿ. ಹಿಡಿದು ಕೂತೆ. ಮೂವತ್ತು ಸಾವಿರ ದಾಟಿದರೆ ಆಪಾ ಅವರಿಗೆ ಮಷಿನ್ನಿನ ಜೊತೆ ಒಂದು ಕುರ್ಚಿಯೂ ಬರುತ್ತದೆ, ಭಲೇ ಸರ್ ಎನ್ನುತ್ತಾರೆ ಎಂದುಕೊಂಡೆ. ಹೆಂಗಸರು ಕೇಳಿದಾಗ ನನ್ನ ಸಿಮ್ಮಿಗೆ ಮಾತ್ರ ನೆಟ್ ಇಲ್ಲ ಎಂದೆ. ಮಾಳಿಗೆ ಹತ್ತಿ ನೋಡಿ ಎಂದರು. ಹತ್ತಿದೆ. ಮೇ ತಿಂಗಳ ಬಿಸಿಲಿನಲ್ಲಿ, ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, ತಮ್ಮ ದೊಡ್ಡ ಸುದ್ದಿಗಾಗಿ ಮೂರು ತಾಸು ನಿಂತೆ. ಜೈನಬಿ ಆಪಾ ಕೆಳಗಿನಿಂದ ಎರಡು ಸಲ ಮಜ್ಜಿಗೆ ಕಳಿಸಿದರು. ಮೊನ್ನೆ ನನ್ನ ಎರಡು ಪ್ಯಾಂಟಿನ ಅಂಚು ಮಡಿಸಿ ಕೊಟ್ಟು, “ಬಿಡ್ರಿ ಸರ್, ನೆಟ್ ಕೈ ಕೊಟ್ರ ನೀವೇನ ಮಾಡ್ತೀರಿ, ಬಿಸಲಾಗ ಎಷ್ಟ ಒದ್ದಾಡ್ದ್ರಿ” ಎಂದು ಹಣವನ್ನೂ ಮುಟ್ಟಲಿಲ್ಲ.

ಅಂದು ಬಸವಕಲ್ಯಾಣದಲ್ಲಿ ನೆಟ್ ಚೆನ್ನಾಗಿಯೇ ಇತ್ತು.

ಇಂತಿ,
ತಮ್ಮ ಕಂಪನಿಯ ಸಾಸಿವೆಯಷ್ಟು ಪಾಲಿನ ಮಾಲೀಕ,
ನಮ್ಮ ಓಣಿಯಲ್ಲಿ ತಮ್ಮ ಮಾತನ್ನು ನಂಬಿದ ಏಕೈಕ ವ್ಯಕ್ತಿ,
ಮಚ್ಚೇಂದ್ರ
ಬಸವಕಲ್ಯಾಣ